ಕಿರುಚುವ ಮುಂಚಿನ ಉಸಿರು

ಮಾರ್ಚ್ ೩, ಸೋಮವಾರ

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ನನಗಿರುವುದು ಮಾತಾಡುವ ಅಭ್ಯಾಸ. ಸ್ಟುಡಿಯೋದಿಂದ ಬಂದು ಬೂಟು ಬಿಚ್ಚುವಾಗ ಶುರು ಮಾಡಿದರೆ ತಟ್ಟೆ ತೊಳೆದಿಡುವ ತನಕ ಇಡೀ ದಿನವನ್ನು ಇವಳಿಗೆ ಒಪ್ಪಿಸುತ್ತಿದ್ದೆ. ಇವಳು ನಡುನಡುವೆ "ಹೂಂ", "ಆಮೇಲೆ?", "ಅಯ್ಯೋ, ನೀವೊಬ್ರು" ಎನ್ನುತ್ತಿದ್ದಳು. ಈ ಮೂರು ಮಾತಿನ ಮೇಲೆ ನಮ್ಮ ಸಂಸಾರ ಇಷ್ಟು ವರ್ಷ ಆರಾಮಾಗಿ ನಡೆದಿದೆ. ಈಗ ಅವೂ ಇಲ್ಲ. ಅದಕ್ಕೇ ಹೋದ ವರ್ಷದ ಖಾಲಿ ಡೈರಿಯೊಂದನ್ನು ಹುಡುಕಿ, ವಾರ ತಿದ್ದಿಕೊಂಡು ಕೂತಿದ್ದೇನೆ.

ಮೊನ್ನೆ ಶನಿವಾರ ಇವಳ ಗಂಟಲಿನ ಆಪರೇಷನ್ ಆಯಿತು. ಧ್ವನಿತಂತುವಿನ ಮೇಲೆ ಬೆಳೆದಿದ್ದ ಗಂಟನ್ನು ತೆಗೆದರು. ಕೆಟ್ಟ ಗಂಟಲ್ಲವಂತೆ, ಬರೀ ದುಡಿತದ ಗಂಟು. ಇವಳ ದುಡಿತವೆಂದರೆ ಕಿರುಚುವುದು. ಪರದೆಯ ಮೇಲೆ ಯಾವ ನಾಯಕಿ ದೆವ್ವ ಕಂಡು ಬಾಯಿ ತೆರೆದರೂ ಒಳಗಿನಿಂದ ಬರುವುದು ನನ್ನ ಹೆಂಡತಿ. ಡಬ್ಬಿಂಗ್‌ನಲ್ಲಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ, ಕಿರುಚಲು ಮಾತ್ರ ಇವಳನ್ನೇ ಕರೆಸುತ್ತಾರೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಮಾಡಿದಾಗ ಪಕ್ಕದ ಮನೆಯವರು ಪೊರಕೆ ಹಿಡಿದು ಓಡಿ ಬಂದಿದ್ದರು, ನನಗೆ ಬಾರಿಸಲು.

ನನ್ನದು ಅದೇ ಕಸುಬಿನ ಇನ್ನೊಂದು ತುದಿ. ನಾನು ಸಿನಿಮಾಕ್ಕೆ ಸದ್ದು ಮಾಡುವವನು. ಪರದೆಯ ಮೇಲೆ ಯಾರು ನಡೆದರೂ ಹೆಜ್ಜೆ ನನ್ನದು. ಮೂಳೆ ಮುರಿದರೆ ಅದು ನಾನು ಮುರಿದ ಮೂಲಂಗಿ, ಚೂರಿ ಹಾಕಿದರೆ ನಾನು ಚುಚ್ಚಿದ ಎಲೆಕೋಸು. ನಾನು ಹೆದರಿಸಬೇಕು, ಇವಳು ಹೆದರಬೇಕು. ಹೀಗೆ ಇಬ್ಬರೂ ಸೇರಿ ಮಗಳನ್ನು ಹಾಸ್ಟೆಲ್ಲಿನಲ್ಲಿಟ್ಟು ಓದಿಸುತ್ತಿದ್ದೇವೆ.

ಡಾಕ್ಟರಮ್ಮ ಹೇಳಿದ್ದು ಇಷ್ಟು: "ಎರಡು ವಾರ ಒಂದೇ ಒಂದು ಮಾತೂ ಬೇಡ. ಪಿಸುಮಾತಂತೂ ಬೇಡವೇ ಬೇಡ."

"ಆಮೇಲೆ ದನಿ ಬರುತ್ತಲ್ವಾ ಮೇಡಂ?"

"ಬರಬೇಕು. ಮೊದಲಿನ ದನಿನೇ ಬರುತ್ತೆ ಅಂತ ಮಾತ್ರ ನಾನು ಹೇಳಲಾರೆ."

ಅಷ್ಟಾದರೂ ಸುಳ್ಳು ಹೇಳದೆ ಹೇಳಿದರಲ್ಲ, ಅವರ ಹೊಟ್ಟೆ ತಣ್ಣಗಿರಲಿ. ಕೂದಲೆಳೆಯಷ್ಟು ಜಾಗದಲ್ಲಿ ಕತ್ತರಿ ಆಡಿಸಿದ ಆ ಕೈಗೂ ದೊಡ್ಡ ನಮಸ್ಕಾರ.

ಮಾರ್ಚ್ ೪, ಮಂಗಳವಾರ

ಇವಳು ಚಮಚದಲ್ಲಿ ಒಂದು ಭಾಷೆ ಮಾಡಿಕೊಂಡಿದ್ದಾಳೆ. ಲೋಟಕ್ಕೆ ಒಂದು ಸಲ ಬಡಿದರೆ ಹೌದು. ಎರಡು ಸಲ ಬಡಿದರೆ ಇಲ್ಲ. ಮೂರು ಬಡಿದರೆ, "ಸಾಕು, ಬಾಯಿ ಮುಚ್ಚಿ." ಗಲಗಲ ಎಂದು ಬಿಡದೆ ಬಡಿದರೆ, "ಎಲ್ಲಿದ್ದೀರಿ, ಬನ್ನಿ ಇಲ್ಲಿ." ಉದ್ದದ ವಿಷಯಕ್ಕೆ ಮಗಳ ಹಳೆಯ ಸ್ಲೇಟು. ಇವತ್ತು ನನ್ನ ಪಾಲಿಗೆ ಹೆಚ್ಚಾಗಿ ಮೂರೇ ಬಂತು.

ಸಂಜೆ ಮಗಳು ಫೋನ್ ಮಾಡಿ, "ಅಮ್ಮಾ, ಮಾತು ಬೇಡ, ಒಂದ್ಸಲ ಟಣ್ ಅನ್ನು ಸಾಕು" ಎಂದಳು. ಇವಳು ಫೋನಿನ ಹತ್ತಿರ ಲೋಟ ಹಿಡಿದು ಟಣ್ ಎನಿಸಿದಳು. ಆ ಕಡೆ ಹುಡುಗಿ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ಮಾರ್ಚ್ ೮, ಶನಿವಾರ

ತಲೆ ಕೆಟ್ಟುಹೋಗಿದೆ. ಈಗ ಮಾಡುತ್ತಿರುವ ದೆವ್ವದ ಸಿನಿಮಾದಲ್ಲಿ ಕತೆ ಸಣ್ಣದು. ಒಬ್ಬ ಹುಡುಗಿ ಅಜ್ಜಿಯ ದೊಡ್ಡ ಮನೆಗೆ ಬರುತ್ತಾಳೆ. ಅಜ್ಜಿ ಸದಾ ಮಹಡಿಯ ಮೇಲೆ ಇರುತ್ತಾಳೆ, ಬಟ್ಟೆ ಹೊಲಿಯುತ್ತಾ. ಕೆಳಗೆ ಕಾರಿಡಾರಿನ ಕೊನೆಯಲ್ಲೊಂದು ಮುಚ್ಚಿದ ಬಾಗಿಲು. ಕಡೆಗೆ ಹುಡುಗಿ ಅದನ್ನು ತೆಗೆಯುತ್ತಾಳೆ. ಇಡೀ ಸಿನಿಮಾ ನಿಂತಿರುವುದು ಆ ಬಾಗಿಲಿನ ಮೇಲೆ.

ನಿರ್ದೇಶಕನಿಗೆ ಇದು ಮೊದಲ ಸಿನಿಮಾ, ಒಳ್ಳೆಯ ಮನುಷ್ಯ, ಅವಸರ ಜಾಸ್ತಿ. "ಸರ್, ಬಾಗಿಲು ತೆಗೀತಿದ್ದ ಹಾಗೆ ಜನ ಸೀಟಿಂದ ಎಗರಬೇಕು. ದೊಡ್ಡ ಸದ್ದು, ಅದರ ಮೇಲೆ ಮ್ಯೂಸಿಕ್ಕು, ಅದರ ಮೇಲೆ ಕಿರುಚಾಟ!"

ಮೂರನ್ನೂ ಕೊಟ್ಟೆವು. ತಗಡು ಬಡಿದೆ. ಮಿಕ್ಸಿಂಗ್ ಮಾಡುವ ದಪ್ಪಣ್ಣ ಸದ್ದಿನ ಮೇಲೆ ಸದ್ದು ಪೇರಿಸಿದ. ಕಿರುಚಲು ಒಬ್ಬ ಹೊಸ ಹುಡುಗಿಯನ್ನು ಕರೆಸಿದ್ದರು. ಆಫೀಸಿನವರನ್ನೆಲ್ಲ ಕೂರಿಸಿ ತೋರಿಸಿದಾಗ ಎಲ್ಲರೂ ಎಗರಿದರು, ನಿಜ. ಎಗರಿದ ಮರುಕ್ಷಣವೇ ಒಬ್ಬರ ಭುಜ ಒಬ್ಬರು ತಟ್ಟಿ ನಕ್ಕರು. ಬೆಚ್ಚಿಬೀಳುವುದು ಬೇರೆ, ಹೆದರುವುದು ಬೇರೆ. ಬೆನ್ನ ಹಿಂದೆ ಪಾತ್ರೆ ಬಿದ್ದರೂ ಮನುಷ್ಯ ಬೆಚ್ಚುತ್ತಾನೆ, ಅದಕ್ಕೆ ಟಿಕೆಟ್ಟು ತೆಗೆದುಕೊಂಡು ಬರಬೇಕಾಗಿಲ್ಲ. ನಿರ್ದೇಶಕನ ಮುಖ ಸಪ್ಪಗಾಯಿತು.

ಮನೆಯಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಇವಳು ಸ್ಲೇಟಿನ ಮೇಲೆ ಬರೆದಳು: "ಕಿರುಚಿದ್ದು ಯಾರು?"

"ಯಾವುದೋ ಹೊಸ ಹುಡುಗಿ. ಜಿರಳೆ ಕಂಡ ಹಾಗೆ ಕಿರುಚ್ತಾಳೆ."

ಇವಳು ನಗಲಿಲ್ಲ. ಸ್ಲೇಟನ್ನು ಸೆರಗಿನಲ್ಲಿ ಒರೆಸಿ ಒಳಗೆ ಹೋದಳು. ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲವೇ?

ಮಾರ್ಚ್ ೧೩, ಗುರುವಾರ

ಇವತ್ತಿನದನ್ನು ಮರೆಯದ ಹಾಗೆ ಬರೆದಿಡಬೇಕು.

ಆ ಬಾಗಿಲಿನ ಗೋಳನ್ನೇ ಮತ್ತೆ ತೋಡಿಕೊಳ್ಳುತ್ತಿದ್ದೆ. ಇವಳು ಟಣ್ ಟಣ್ ಟಣ್ ಎಂದು ನನ್ನನ್ನು ಸುಮ್ಮನಾಗಿಸಿ, ಬರೆದು ತೋರಿಸಿದಳು: "ಕಿರುಚಿದ ಮೇಲೆ ಭಯ ಮುಗೀತು. ಜನ ಅಲ್ಲಿ ಹಗುರಾಗ್ತಾರೆ. ಭಯ ಇರೋದು ಅದಕ್ಕೂ ಮುಂಚೆ."

"ಮುಂಚೆ ಅಂದ್ರೆ?"

ನನ್ನ ಅಂಗೈಯನ್ನು ಹಿಡಿದು ತನ್ನ ಪಕ್ಕೆಯ ಮೇಲೆ ಇಟ್ಟುಕೊಂಡಳು. ಕಣ್ಣನ್ನು ಬಾಗಿಲ ಕಡೆ ನೆಟ್ಟು ಉಸಿರು ಎಳೆದಳು. ಎಳೆದು, ನಿಲ್ಲಿಸಿದಳು. ಪಕ್ಕೆಲುಬು ನನ್ನ ಕೈಯ ಕೆಳಗೆ ಹಿಗ್ಗಿ ಹಾಗೇ ನಿಂತಿತು. ನೂರಾರು ಸಲ ಇವಳು ಕಿರುಚಿದ್ದನ್ನು ಕೇಳಿದ್ದೇನೆ, ಆ ಉಸಿರನ್ನು ಮಾತ್ರ ಎಂದೂ ಮುಟ್ಟಿರಲಿಲ್ಲ. ಈಗ ಕಿರುಚಾಟ ಬರಬೇಕು, ಬರುವಂತಿಲ್ಲ ಎಂದು ನನಗೆ ಗೊತ್ತಿದೆ, ಆದರೂ ಕಾಯುತ್ತಿದ್ದೇನೆ. ಇವಳ ದೃಷ್ಟಿ ಹಿಡಿದು ನಾನೂ ಬಾಗಿಲ ಕಡೆ ನೋಡಿದೆ. ನಮ್ಮದೇ ಮನೆ, ನಮ್ಮದೇ ಬಾಗಿಲು, ಕೊಡೆ ನೇತುಹಾಕಿದ ಮೊಳೆ. ನನ್ನ ಕೈ ಬೆವೆತುಹೋಯಿತು.

ಇವಳು ಉಸಿರು ಬಿಟ್ಟು, ಹುಬ್ಬು ಹಾರಿಸಿ, ಲೋಟಕ್ಕೆ ಒಂದು ಟಣ್ ಎನಿಸಿದಳು. ಅರ್ಥವಾಯಿತಾ ಎಂದು.

ಅರ್ಥವಾಯಿತು ತಾಯಿ. ಹೆದರಿಸುವ ಕೆಲಸದಲ್ಲಿ ಅರ್ಧ ನೋಡುವವನದೇ. ನಾವು ಅವನನ್ನು ಕಾಯಿಸಬೇಕು, ಉಳಿದದ್ದನ್ನು ಅವನೇ ತನ್ನ ಮನೆಯಿಂದ ತರುತ್ತಾನೆ. ಇಂಥ ಪಾಠ ಮನೆಯೊಳಗೇ ಸಿಕ್ಕಿತಲ್ಲ, ನನ್ನ ಪುಣ್ಯ.

ಮಾರ್ಚ್ ೧೪, ಶುಕ್ರವಾರ

ಇವಳು ಹಳೆಯ ಹೊಲಿಗೆ ಮಿಷನ್ನನ್ನು ಕೋಣೆಯ ಮೂಲೆಯಿಂದ ಎಳೆಸಿ ಎಣ್ಣೆ ಬಿಟ್ಟಿದ್ದಾಳೆ. ದಿಂಬಿನ ಚೀಲವಂತೆ. ಮನೆಯಲ್ಲಿ ಮತ್ತೆ ಏನೋ ಓಡಾಡಿದ ಹಾಗಿದೆ, ಒಳ್ಳೆಯದೇ ಆಯಿತು.

ಮಾರ್ಚ್ ೧೭, ಸೋಮವಾರ

ಡಾಕ್ಟರಮ್ಮ ಗಂಟಲೊಳಗೆ ಕನ್ನಡಿ ಬಿಟ್ಟು ನೋಡಿ ನಕ್ಕರು. "ಗಾಯ ಚೆನ್ನಾಗಿ ಮಾಗಿದೆ. ಇನ್ನು ನಿಧಾನವಾಗಿ ಮಾತಾಡಿ. ಕೂಗೋದು, ಕಿರುಚೋದು ಸದ್ಯಕ್ಕೆ ಬೇಡ. ಎಲ್ಲಿ, 'ಆ' ಅನ್ನಿ."

ಇವಳು ಬಾಯಿ ತೆರೆದಳು. ಹಾಗೇ ಮುಚ್ಚಿದಳು. ತಲೆ ಅಲ್ಲಾಡಿಸಿದಳು.

"ನೋವಾಗುತ್ತಾ?"

ಇಲ್ಲ ಎಂದು ಕೈ ಆಡಿಸಿದಳು. "ಪರವಾಗಿಲ್ಲ, ಮನೇಲಿ ಪ್ರಯತ್ನ ಮಾಡಿ" ಎಂದರು ಡಾಕ್ಟರಮ್ಮ. ಇವಳು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಬಾಯಿ ತೆರೆದು ದನಿ ಬರದಿದ್ದರೆ ಏನು ಗತಿ ಎಂದು ಇವಳು ಯೋಚಿಸುತ್ತಿರಬೇಕು. ತೆರೆಯದಿದ್ದರೆ ಇನ್ನೂ ಬರಬಹುದು ಎನ್ನುವ ಆಸೆಯಾದರೂ ಉಳಿಯುತ್ತದೆ.

ಇದೆಲ್ಲ ನನ್ನ ಊಹೆ. ಇವಳನ್ನು ಕೇಳುವ ಧೈರ್ಯ ನನಗೂ ಇಲ್ಲ.

ಮಾರ್ಚ್ ೧೯, ಬುಧವಾರ

ಮೂರ್ಖತನಕ್ಕೆ ಬಹುಮಾನ ಕೊಡುವುದಾದರೆ ಈ ಸಲ ನನಗೇ ಬರಬೇಕು.

ಹಠಾತ್ತಾಗಿ ಹೆದರಿಸಿದರೆ ತಾನಾಗಿ ದನಿ ಹೊರಡಬಹುದು ಎಂದು ಹೊಳೆಯಿತು. ಸ್ಟುಡಿಯೋದಿಂದ ಒಂದು ಚೀಲ ತುಂಬ ಸಾಮಾನು ತಂದೆ. ಬೆಳಿಗ್ಗೆ ಇವಳು ಸ್ನಾನ ಮುಗಿಸಿ ಬರುವಾಗ ಬಾಗಿಲ ಹಿಂದೆ ನಿಂತು ಮೂಲಂಗಿ ಮುರಿದೆ. ಇವಳು ತಿರುಗಿಯೂ ನೋಡದೆ ಸ್ಲೇಟು ಎತ್ತಿಕೊಂಡು ಬರೆದಳು: "ಮೂಲಂಗಿ. ಒಣಗಿದೆ."

ಮಧ್ಯಾಹ್ನ ತಗಡಿನ ಹಾಳೆ ಅಲ್ಲಾಡಿಸಿದೆ. "ಗುಡುಗು. ಎಡಗೈಯಲ್ಲಿ ಹಿಡಿದಿದ್ದೀರಿ." ಚರ್ಮದ ಕೈಗವಸು ಬಡಿದು ಬಾವಲಿ ಹಾರಿಸಿದೆ. "ಗವಸು ನಂದು. ಹುಡುಕ್ತಿದ್ದೆ, ಕೊಡಿ."

ಕೊನೆಗೆ ಸೋತು ಕುರ್ಚಿಯ ಮೇಲೆ ಕೂತಾಗ ಇವಳೇ ಪಕ್ಕದಲ್ಲಿ ಬಂದು ಕೂತಳು. ಸ್ಲೇಟಿನ ಮೇಲೆ ಸಣ್ಣ ಅಕ್ಷರ: "ನೀವು ಮಾಡೋ ಸದ್ದಿಗೆ ನಾನು ಹೆದರಲ್ಲ ಕಣ್ರೀ. ನನಗೆ ಭಯ ಆಗೋದು ನನ್ನದಕ್ಕೆ."

ಅದನ್ನು ಓದಿ ಸಾಮಾನಿನ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದೆ. ಒಣಗಿದ ಮೂಲಂಗಿಯನ್ನು ಇಬ್ಬರೂ ಉಪ್ಪು ಹಚ್ಚಿಕೊಂಡು ತಿಂದೆವು.

ಮಾರ್ಚ್ ೨೪, ಸೋಮವಾರ

ಇವಳು ಸಿಟ್ಟು ಬಂದಾಗ ಪಾತ್ರೆಯನ್ನು ಮೆಲ್ಲಗೆ ಇಡುತ್ತಾಳೆ, ಕುಕ್ಕುವುದಿಲ್ಲ. ಖುಷಿಯಿದ್ದಾಗ ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾಳೆ. ಹೊಲಿಯುವಾಗ ನೆಟ್ಟಗಿನ ಹೊಲಿಗೆಗೆ ಜೋರಾಗಿ ತುಳಿಯುತ್ತಾಳೆ, ಮೂಲೆ ಬಂದಾಗ ನಿಧಾನ, ತಿರುಗಿಸಿ ಮತ್ತೆ ಜೋರು. ಇಷ್ಟು ವರ್ಷ ಈ ಮನೆಯಲ್ಲಿ ಇದೆಲ್ಲ ಇತ್ತೋ, ಈಗ ಹೊಸದಾಗಿ ಶುರುವಾಗಿದೆಯೋ ಗೊತ್ತಿಲ್ಲ.

ಇವತ್ತು ರಜೆ ಹಾಕಿ ಮುಂದಿನ ಕೋಣೆಯಲ್ಲಿ ಹೆಜ್ಜೆ ಸದ್ದಿನ ಬೂಟುಗಳ ಅಟ್ಟೆ ಉಜ್ಜುತ್ತಿದ್ದೆ, ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಒಳಗೆ ಮಿಷನ್ನು ಟಕಟಕ ಎನ್ನುತ್ತಿತ್ತು. ಅದನ್ನು ಕೇಳುತ್ತಿದ್ದೇನೆ ಎಂದು ನನಗೂ ಗೊತ್ತಿರಲಿಲ್ಲ. ಇದ್ದಕ್ಕಿದ್ದಂತೆ ನಿಂತಿತು. ಮೂಲೆ ಬಂದಿರಬೇಕು ಎಂದುಕೊಂಡೆ. ಮತ್ತೆ ಶುರುವಾಗಲಿಲ್ಲ. ಕೈಯಲ್ಲಿದ್ದ ಬೂಟು ಕೈಯಲ್ಲೇ ಇತ್ತು. ಕರೆದರೆ ಇವಳು ಉತ್ತರ ಕೊಡುವುದಿಲ್ಲವಲ್ಲ. ಬಿದ್ದರೂ ಕೂಗುವುದಿಲ್ಲ. ಒಂದೇ ಕಾಲಿಗೆ ಬೂಟು ಹಾಕಿಕೊಂಡವನು ಹಾಗೇ ಒಳಗೆ ಓಡಿದೆ.

ಇವಳು ಬೆಳಕಿಗೆ ಹಿಡಿದುಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ನನ್ನ ಅವತಾರ ನೋಡಿ ಏನು ಎಂದು ಗದ್ದ ಎತ್ತಿದಳು.

"ಏನಿಲ್ಲ. ಮಿಷನ್ನು ನಿಂತಿತಲ್ಲ ಅಂತ..."

ಇವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಹಣೆಯ ಬೆವರು ಒರೆಸಿದಳು.

ಆ ಬೆವರು ಆರುವ ಮೊದಲೇ ಹೊಳೆದದ್ದು ಇದು: ಅಜ್ಜಿ ಮಹಡಿಯ ಮೇಲೆ ಹೊಲಿಯುತ್ತಾಳಲ್ಲ. ಹುಡುಗಿ ಮನೆಗೆ ಕಾಲಿಟ್ಟಾಗಿನಿಂದ ಆ ಸದ್ದು ಇರಬೇಕು. ಊಟದಲ್ಲಿ, ನಿದ್ದೆಯಲ್ಲಿ, ನಗುವಾಗ, ಮೇಲೆ ಎಲ್ಲೋ ಟಕಟಕ. ಜನ ಅದನ್ನು ಕೇಳುವುದನ್ನೇ ಮರೆಯುವಷ್ಟು ಸಣ್ಣಗೆ. ಹುಡುಗಿ ಬಾಗಿಲಿಗೆ ಕೈ ಇಟ್ಟಾಗ ತಗಡೂ ಬೇಡ, ಸಂಗೀತವೂ ಬೇಡ, ಕಿರುಚಾಟವೂ ಬೇಡ. ಮೇಲೆ ಮಿಷನ್ನು ನಿಲ್ಲಬೇಕು, ಅಷ್ಟೇ.

ಹೇಳಿದಾಗ ಇವಳು ಲೋಟ ಹುಡುಕಿಕೊಂಡು ಹೋಗಿ, ಒಂದು ಸಲ ಬಡಿದಳು.

ಮಾರ್ಚ್ ೨೭, ಗುರುವಾರ

ಮಿಷನ್ನನ್ನು ಆಟೋದಲ್ಲಿ ಹಾಕಿಕೊಂಡು ಸ್ಟುಡಿಯೋಗೆ ಒಯ್ದೆವು. ಮೊದಲು ನಾನು ತುಳಿದೆ. ದಪ್ಪಣ್ಣ ಗಾಜಿನಾಚೆಯಿಂದ, "ಇದೇನು ಹೊಲಿಗೆನೋ, ಸೈಕಲ್ ರೇಸೋ?" ಎಂದ. ಕೊನೆಗೆ ಇವಳೇ ಕೂತಳು. ನಿಜವಾದ ಬಟ್ಟೆ, ನಿಜವಾದ ದಾರ. ಸುಮ್ಮನೆ ತುಳಿದರೆ ಲಯ ಬರುವುದಿಲ್ಲ ಎಂದು ಸನ್ನೆಯಲ್ಲೇ ತಿಳಿಸಿ ಬೆಳಗ್ಗೆಯೆಲ್ಲ ಹೊಲಿದಳು. ದಪ್ಪಣ್ಣನಿಗೆ ಎರಡು ದಿಂಬಿನ ಚೀಲ ಲಾಭ.

ಕಡೆಯಲ್ಲಿ ನಿಲ್ಲಿಸುವುದನ್ನು ಮಾತ್ರ ಹಲವು ಸಲ ಮಾಡಿಸಿದೆ. ಮೂಲೆಯಲ್ಲಿ ನಿಂತರೆ ಕೆಲಸ ಮುಗಿದ ಹಾಗೆ ಕೇಳುತ್ತದೆ. ಹೊಲಿಗೆಯ ಮಧ್ಯೆ, ಚಕ್ರ ಅರ್ಧ ತಿರುಗಿದಾಗ ನಿಂತರೆ ಯಾರೋ ಕೈ ಹಿಡಿದ ಹಾಗೆ ಕೇಳುತ್ತದೆ. ಇವಳು ಅಂಗೈಯಿಂದ ಚಕ್ರ ತಡೆದು ನಿಲ್ಲಿಸಿದಳು. ಅದೇ ಸರಿಹೋಯಿತು.

ನಿರ್ದೇಶಕ ತಲೆ ಕೆರೆದುಕೊಂಡ. "ಮೇಡಂ, ನಿಮ್ಮ ಕಿರುಚಾಟ ಇಲ್ಲದೆ ದೆವ್ವದ ಸಿನಿಮಾನಾ?" ಇವಳು ಅವನಿಗೂ ಸ್ಲೇಟು ತೋರಿಸಿದಳು: "ಅದನ್ನ ಜನರಿಗೆ ಬಿಡಿ." ಪಾಪ, ಒಪ್ಪಿದ. ಒಪ್ಪಿದ್ದಕ್ಕೆ ಅವನ ಸಿನಿಮಾ ನೂರು ದಿನ ಓಡಲಿ.

ಇವಳು ಇನ್ನೂ ಬಾಯಿ ತೆರೆದಿಲ್ಲ. ನಾನು ಹೆದರಿಸುವುದನ್ನು ಬಿಟ್ಟಿದ್ದೇನೆ, ಕೇಳುವುದನ್ನೂ ಬಿಟ್ಟಿದ್ದೇನೆ. ಇಷ್ಟೇ ಆದರೆ ಇಷ್ಟೇ. ಟಣ್ ಎನ್ನುವ ಹೆಂಡತಿ ಇದ್ದಾಳೆ, ಕೇಳುವ ಕಿವಿ ನನಗಿದೆ.

ಏಪ್ರಿಲ್ ೨, ಬುಧವಾರ

ಮಿಕ್ಸಿಂಗ್ ಮುಗಿಯಿತು. ಶನಿವಾರ ಬೆಳಿಗ್ಗೆ ಟ್ರಯಲ್ ಶೋ. ಸುಸ್ತು.

ಏಪ್ರಿಲ್ ೫, ಶನಿವಾರ

ಬಂದವನು ಬೂಟೂ ಬಿಚ್ಚಿಲ್ಲ. ಮೊದಲು ಇದನ್ನು ಬರೆಯುತ್ತೇನೆ.

ಥಿಯೇಟರಿನಲ್ಲಿ ಮುಕ್ಕಾಲು ಪಾಲು ಹೊರಗಿನ ಜನ. ಇವಳು ನನ್ನ ಎಡಗಡೆ ಕೂತಿದ್ದಳು, ಮಡಿಲಲ್ಲಿ ಸ್ಲೇಟು. ಮಿಷನ್ನು ಮೊದಲ ದೃಶ್ಯದಿಂದಲೇ ಮೇಲೆಲ್ಲೋ ಓಡುತ್ತಿತ್ತು. ಹಿಂದಿನ ಸೀಟಿನವರು ಪಾಪ್‌ಕಾರ್ನ್ ತಿನ್ನುತ್ತಾ, "ಇದರಲ್ಲಿ ಹೆದರೋಕೆ ಏನಿದೆ?" ಎನ್ನುತ್ತಿದ್ದರು. ತಿನ್ನಲಿ ಬಿಡು ಎಂದುಕೊಂಡೆ.

ಹುಡುಗಿ ಕಾರಿಡಾರಿಗೆ ಬಂದಳು. ನನ್ನ ಹೆಜ್ಜೆಗಳು. ಬಾಗಿಲ ಹಿಡಿಯ ಮೇಲೆ ಕೈ ಇಟ್ಟಳು. ಮೇಲೆ ಮಿಷನ್ನು, ಅರ್ಧ ಹೊಲಿಗೆಯಲ್ಲಿ, ನಿಂತಿತು.

ಪಾಪ್‌ಕಾರ್ನ್ ಅಗಿಯುವ ಸದ್ದು ನಿಂತಿತು. ಸೀಟುಗಳ ಕಿರ್ ಕಿರ್ ನಿಂತಿತು. ಯಾರೋ ಕೆಮ್ಮಲು ಹೊರಟವರು ಅದನ್ನೂ ಹಿಡಿದುಕೊಂಡರು. ಅಷ್ಟು ಜನ ಒಟ್ಟಿಗೆ ಎಳೆದ ಉಸಿರು ನನ್ನ ಕಿವಿಗೇ ಬಿತ್ತು. ಇಷ್ಟು ವರ್ಷದ ಕಸುಬಿನಲ್ಲಿ ನಾನು ಕೇಳಿದ ಅತಿ ಒಳ್ಳೆಯ ಸದ್ದು ಅದು, ಮಾಡಿದ್ದು ನಾನಲ್ಲ.

ಆಗ ಹತ್ತಿರದಲ್ಲೇ ಯಾರೋ ಕೂಗಿದರು: "ತೆಗೀಬೇಡ ಕಣೇ! ಬೇಡ, ತೆಗೀಬೇಡ!"

ಒರಟು ದನಿ, ದಪ್ಪ, ಒಡೆದದ್ದು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ಕಷ್ಟಪಟ್ಟು ಕಟ್ಟಿದ ಮೌನವನ್ನು ಹಾಳು ಮಾಡಿದ ಆ ಪುಣ್ಯಾತ್ಮ ಯಾರು ಎಂದು ಕತ್ತು ಹೊರಳಿಸಿ ಹಿಂದೆ ನೋಡಿದೆ. ಹಿಂದಿನ ಸಾಲಿನ ಹೆಂಗಸು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಪಕ್ಕಕ್ಕೆ ನೋಡುತ್ತಿದ್ದಳು. ಆಗಲೇ ನನ್ನ ಮಣಿಕಟ್ಟನ್ನು ಯಾರೋ ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಿರುವುದು ಗೊತ್ತಾಯಿತು.

ಊರಿನವರ ದನಿಯನ್ನೆಲ್ಲ ಗುರುತು ಹಿಡಿಯುವ ನಾನು ನನ್ನ ಹೆಂಡತಿಯ ದನಿ ಗುರುತು ಹಿಡಿಯಲಿಲ್ಲ.

ಯಾರೂ ನಗಲಿಲ್ಲ. ಪರದೆಯ ಮೇಲೆ ಬಾಗಿಲು ತೆರೆದುಕೊಂಡಿತು, ಥಿಯೇಟರಿಗೆ ಥಿಯೇಟರೇ ಕಿರುಚಿತು. ನಾನು ಪರದೆ ನೋಡಲಿಲ್ಲ. ಇವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಸ್ಲೇಟು ಕಾಲಡಿಯಲ್ಲಿ ಬಿದ್ದು ಎರಡು ಹೋಳಾಗಿತ್ತು.

ಹೊರಗೆ ಮೆಟ್ಟಿಲ ಮೇಲೆ ಕೂತೆವು.

"ರೀ... ಅದು ನಾನಾ?"

"ಹೂಂ ಕಣೇ."

"ಇದಾ ನನ್ನ ದನಿ? ಲಾರಿ ಡ್ರೈವರ್ ಥರ ಇದೆ."

"ಚೆನ್ನಾಗಿದೆ."

"ಸುಳ್ಳು ಹೇಳ್ಬೇಡಿ."

"ಚೆನ್ನಾಗಿದೆ ಅಂದ್ನಲ್ಲೇ" ಎನ್ನುವಷ್ಟರಲ್ಲಿ ನನಗೆ ಅಳು ಬಂತು. ಬಂದರೆ ಬರಲಿ ಎಂದು ಅತ್ತೆ. ದಪ್ಪಣ್ಣ ದೂರದಿಂದ ನೋಡಿ, ಹತ್ತಿರ ಬರದೆ, ಕಣ್ಣೊರೆಸಿಕೊಂಡು ಹೋದ.

ಇವಳು ಗಂಟಲು ಸವರಿಕೊಳ್ಳುತ್ತಾ ಒಂದೊಂದೇ ಮಾತನ್ನು ಅಳೆದು ಹೇಳಿದಳು: "ಮಿಷನ್ನು ತುಳಿದೋಳು ನಾನು. ಚಕ್ರ ಹಿಡಿದು ನಿಲ್ಸಿದೋಳೂ ನಾನು. ಎಲ್ಲಾ ಗೊತ್ತಿತ್ತು ಕಣ್ರೀ. ಆದ್ರೂ ಆ ಸದ್ದು ನಿಂತಾಗ, ಅವತ್ತು ನೀವು ಒಂದು ಕಾಲಿಗೆ ಬೂಟು ಹಾಕ್ಕೊಂಡು ಓಡಿ ಬಂದ್ರಲ್ಲ, ಆ ಮುಖ ಕಣ್ಮುಂದೆ ಬಂತು. ತಡ್ಕೊಳ್ಳೋಕೇ ಆಗ್ಲಿಲ್ಲ."

ಏಪ್ರಿಲ್ ೬, ಭಾನುವಾರ

ಡಾಕ್ಟರಮ್ಮನಿಗೆ ಫೋನ್ ಮಾಡಿ ದನಿ ಕೇಳಿಸಿದೆವು. ಕೂಗಿದ್ದಕ್ಕೆ ಇಬ್ಬರಿಗೂ ಚೆನ್ನಾಗಿ ಬೈದರು. ದನಿ ಹೀಗೇ ಉಳಿಯಬಹುದಂತೆ. ಕಿರುಚುವ ಕೆಲಸಕ್ಕೆ ಇನ್ನು ಹೋಗಲೇಬಾರದಂತೆ. ನಾನು ಇವಳ ಮುಖ ನೋಡಿದೆ.

"ಸಾಕು ಬಿಡಿ" ಎಂದಳು. "ಇಷ್ಟು ವರ್ಷ ಊರೋರ ಭಯಕ್ಕೆಲ್ಲ ನಾನೇ ಕಿರುಚಿದೀನಿ." ಸ್ವಲ್ಪ ಹೊತ್ತು ಅತ್ತಳು ಕೂಡ. ಮಗಳು ಫೋನಿನಲ್ಲಿ, "ಯಾರು ಮಾತಾಡ್ತಿರೋದು?" ಎಂದಳು. "ನಿಮ್ಮಮ್ಮ ಕಣೇ, ಹೊಸ ದನಿ ಹಾಕಿಸ್ಕೊಂಡಿದೀನಿ" ಎಂದು ಇವಳು ಹೇಳಿದಾಗ ಆ ಕಡೆ ಅಳು, ನಗು ಎರಡೂ ಸರಿಯಾಗಿ ಕೇಳಿಸಿದವು.

ಡಾಕ್ಟರಮ್ಮನ ಕೈಗೆ, ದಪ್ಪಣ್ಣನ ಕಿವಿಗೆ, ಒಪ್ಪಿದ ನಿರ್ದೇಶಕನಿಗೆ, ಆ ಹಳೇ ಮಿಷನ್ನಿಗೆ, ಬಾಯಿಗೆ ಹಾಕಿದ್ದನ್ನು ಅಗಿಯದೆ ನಿಲ್ಲಿಸಿದ ಹಿಂದಿನ ಸೀಟಿನವರಿಗೆ, ಎಲ್ಲರ ಹೊಟ್ಟೆಯೂ ತಣ್ಣಗಿರಲಿ.

ಇವಳಿಗೆ ಒಂದು ತಿಂಗಳ ಮಾತು ಬಾಕಿ ಇದೆ. ಬೆಳಿಗ್ಗೆಯಿಂದ ಸ್ವಲ್ಪ ಸ್ವಲ್ಪವೇ ಹೇಳುತ್ತಿದ್ದಾಳೆ. ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳ ಕತೆ, ನಾನು ಮಾಡಿದ ಸೂಪಿನ ರುಚಿ, ಮೂಲಂಗಿ ಮುರಿದಾಗ ನನ್ನ ಕಾಲ್ಬೆರಳು ಬಾಗಿಲ ಕೆಳಗಿನಿಂದ ಕಾಣುತ್ತಿದ್ದದ್ದು. ನಾನು "ಹೂಂ" ಎಂದೆ. "ಆಮೇಲೆ?" ಎಂದೆ. "ಅಯ್ಯೋ, ನೀನೊಬ್ಳು" ಎಂದೆ. ನನ್ನ ಸುದ್ದಿ ಹೇಳಲು ಪುರುಸೊತ್ತೇ ಸಿಗಲಿಲ್ಲ, ಅದಕ್ಕೇ ಇದನ್ನಿಲ್ಲಿ ಗೀಚುತ್ತಿದ್ದೇನೆ.

ಕೂಗಬಾರದು ಎಂದಿದ್ದಾರಲ್ಲ, ಒಳಗಿನಿಂದ ಚಮಚ ಗಲಗಲ ಎನ್ನುತ್ತಿದೆ. ಬಂದೆ ಕಣೇ, ಬಂದೆ.